ಸಭೆಯ ಮಾತು, ಮನಸ್ಸಿನ ಮಾತು

(ಧಾರವಾಡದಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಕೂಟವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಇಲ್ಲಿ ಕುಳಿತಿರುವವರಲ್ಲಿ ಕ್ರೈಸ್ತರು ಬೆರಳೆಣಿಕೆಯಷ್ಟು. ಆದರೂ ಸಂಘಟಕಿಯರು ನನ್ನನ್ನು ಕೇಳಿದ್ದು ಇದನ್ನೇ: ‘ನೀವು ಚರ್ಚಿನ ಮಹಿಳಾ ಸಂಘದಲ್ಲಿ ಪದಾಧಿಕಾರಿಯಾಗಿದ್ದಿರಿ. ನಿಮ್ಮ ಧರ್ಮ ಹೇಳುವುದು ಒಂದು, ಎದುರಿಗೆ ನಿಂತ ಹೆಣ್ಣುಮಗಳ ಸ್ಥಿತಿ ಹೇಳುವುದು ಇನ್ನೊಂದು ಆದಾಗ ಏನು ಮಾಡಿದಿರಿ? ಅದನ್ನು ಹೇಳಿ.’ ನಾನು ಎರಡು ದಿನ ಸಮಯ ಕೇಳಿದೆ. ಏಕೆಂದರೆ ನಾನು ಮೊದಲ ಸಲ ಮಾಡಿದ್ದು ತಪ್ಪು. ಮೂವತ್ತೈದು ವರ್ಷ ತರಗತಿಯಲ್ಲಿ ನಿಂತು ಬೇರೆಯವರ ತಪ್ಪು ತಿದ್ದಿದವರಿಗೆ ತಮ್ಮ ತಪ್ಪನ್ನು ಮೈಕಿನ ಮುಂದೆ ಹೇಳುವುದು ಅಷ್ಟು ಸುಲಭವಲ್ಲ.

ನಮ್ಮ ಜನರಲ್ಲಿ ಒಂದು ಮಾತಿದೆ: ‘ನಮ್ಮಲ್ಲಿ ವರದಕ್ಷಿಣೆ ಇಲ್ಲ.’ ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದರು. ಶಾಲೆ ತೆರೆದರು, ಹೆಣ್ಣುಮಕ್ಕಳಿಗೆ ಓದು ಕಲಿಸಿದರು, ಕಿಟೆಲ್ಲರು 1894ರಲ್ಲಿ ಆ ದೊಡ್ಡ ನಿಘಂಟು ಕೊಟ್ಟರು. ಇದೆಲ್ಲ ನಿಜ, ಹೆಮ್ಮೆಯ ವಿಷಯವೇ. ಆದರೆ ಈ ಹೆಮ್ಮೆಯ ಸೆರಗಿನಲ್ಲಿ ನಾವು ಬೇರೆ ಕೆಲವನ್ನು ಮುಚ್ಚಿಟ್ಟೆವು. 1987ರಲ್ಲಿ ನನ್ನ ಸ್ವಂತ ತಮ್ಮನ ಮದುವೆಯಲ್ಲಿ ಹೆಣ್ಣಿನ ಕಡೆಯವರು ಒಂದು ಸ್ಕೂಟರ್ ಕೊಟ್ಟರು. ನಾವು ಕೇಳಿರಲಿಲ್ಲ. ‘ಪ್ರೀತಿಯ ಕಾಣಿಕೆ’ ಎಂದು ಬೀಗರೇ ಹೇಳಿದರು, ಪ್ರಾರ್ಥನೆ ಮಾಡಿ ಕೀಲಿಕೈ ತೆಗೆದುಕೊಂಡೆವು. ಆಗ ನಾನು ಎಂ.ಎ. ಮುಗಿಸಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವಳು. ಸ್ಕೂಟರಿನ ಹಿಂದಿನ ಸೀಟಿನಲ್ಲಿ ನಾನೂ ಕುಳಿತಿದ್ದೇನೆ. ಆ ಹುಡುಗಿಯ ತಂದೆ ಸಾಲ ತೀರಿಸಿದ್ದು ಆರು ವರ್ಷಕ್ಕೆ ಎಂದು ಎಷ್ಟೋ ಕಾಲದ ನಂತರ ಆಕೆಯೇ ಹೇಳಿದಳು.

ಈಗ 1993ರ ಮಾತಿಗೆ ಬರುತ್ತೇನೆ. ಮಳೆಗಾಲ. ಆಗ ನಾನು ಮಹಿಳಾ ಸಂಘದ ಕಾರ್ಯದರ್ಶಿ. ಒಂದು ಸಂಜೆ ಇಪ್ಪತ್ತೈದರ ಹೆಣ್ಣುಮಗಳೊಬ್ಬಳು ಕಂಕುಳಲ್ಲಿ ಕೂಸು ಎತ್ತಿಕೊಂಡು ನಮ್ಮ ಮನೆಯ ಬಾಗಿಲಿಗೆ ಬಂದಳು. ಮುಖ ಬಾತಿತ್ತು. ಗಂಡನಿಗೆ ಒಳ್ಳೆಯ ನೌಕರಿ, ಭಾನುವಾರ ತಪ್ಪದೆ ಆರಾಧನೆಗೆ ಬರುವವನು. ಮನೆ ಕಟ್ಟಿಸಲು ತವರಿನಿಂದ ಹತ್ತು ಸಾವಿರ ತಾ ಎಂದು ವರ್ಷದಿಂದ ಹೊಡೆತ. ‘ಇನ್ನ ನಾ ಅಲ್ಲಿ ಹೋಗಂಗಿಲ್ರಿ ಮೇಡಂ’ ಎಂದಳು. ನಾನು ಚಹಾ ಕೊಟ್ಟೆ, ಕೂಸಿಗೆ ಹಾಲು ಕೊಟ್ಟೆ, ಅವಳ ಕೈ ಹಿಡಿದು ಪ್ರಾರ್ಥನೆ ಮಾಡಿದೆ. ಮರುದಿನ ಸಭೆಯ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಗಂಡನಿಂದ ‘ಇನ್ನು ಮುಂದೆ ಹೊಡೆಯುವುದಿಲ್ಲ’ ಎಂದು ಮಾತು ತೆಗೆದುಕೊಂಡು, ಅವಳನ್ನು ಅದೇ ಮನೆಯಲ್ಲಿ ಬಿಟ್ಟು ಬಂದೆ. ಒಂದು ಸಂಸಾರ ಉಳಿಸಿದೆ ಎಂಬ ತೃಪ್ತಿಯಿಂದ ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ನಾಲ್ಕು ತಿಂಗಳಿಗೆ ಅವಳು ಮತ್ತೆ ಬಂದಳು. ಎಡಗಿವಿ ಕೇಳುತ್ತಿರಲಿಲ್ಲ, ಇಂದಿಗೂ ಕೇಳುವುದಿಲ್ಲ. ಬೈಯಲಿಲ್ಲ. ‘ನೀವು ಹೇಳಿದ್ರಿ ಅಂತ ಹ್ವಾದೆ ಮೇಡಂ’ ಎಂದಳು, ಅಷ್ಟೇ.

ನನಗೆ ಕಾನೂನು ಗೊತ್ತಿರಲಿಲ್ಲವೆಂದು ತಪ್ಪಿಸಿಕೊಳ್ಳುವ ಹಾಗಿಲ್ಲ. ದಂಡ ಸಂಹಿತೆಯ 498ಎ ಕಲಮು 1983ರಲ್ಲೇ ಬಂದಿತ್ತು. ಹಣಕ್ಕಾಗಿ ಹೆಂಡತಿಯನ್ನು ಹಿಂಸಿಸುವುದು ಅಪರಾಧ. ಹಿಂದೂ, ಮುಸ್ಲಿಂ, ಕ್ರೈಸ್ತ ಎಂಬ ಭೇದ ಅದಕ್ಕಿಲ್ಲ. ಗೊತ್ತಿದ್ದೂ ನಾನು ಪೊಲೀಸ್ ಠಾಣೆಯ ದಾರಿ ತೋರಿಸಲಿಲ್ಲ. ನನ್ನನ್ನು ತಡೆದದ್ದು ನನ್ನ ನಂಬಿಕೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 6ನೇ ಅಧ್ಯಾಯದಲ್ಲಿ ಪೌಲನು, ವಿಶ್ವಾಸಿಗಳು ತಮ್ಮೊಳಗಿನ ವ್ಯಾಜ್ಯಗಳನ್ನು ಹೊರಗಿನವರ ನ್ಯಾಯಸ್ಥಾನಕ್ಕೆ ಒಯ್ಯುವುದನ್ನು ಖಂಡಿಸುತ್ತಾನೆ. ವಿವಾಹಬಂಧ ಮುರಿಯಬಾರದೆಂಬ ಯೇಸುವಿನ ಮಾತು ಇದ್ದೇ ಇದೆ. ಕ್ಷಮೆ, ಸಹನೆ, ಸಭೆಯ ಮರ್ಯಾದೆ — ಇವು ನನಗೆ ಬಾಯಿಪಾಠದ ಮಾತುಗಳಲ್ಲ, ನಿಜವಾಗಿ ನಂಬಿದ ಮೌಲ್ಯಗಳು. ಈಗಲೂ ನಂಬುತ್ತೇನೆ. ಕೆಟ್ಟ ಮನುಷ್ಯರು ಕೆಟ್ಟ ಸಲಹೆ ಕೊಟ್ಟರೆ ಗುರುತಿಸುವುದು ಸುಲಭ. ನಾನು ಒಳ್ಳೆಯ ಮನಸ್ಸಿನಿಂದಲೇ ಅವಳನ್ನು ಆ ಮನೆಗೆ ಕಳಿಸಿದ್ದೆ.

ಆಗಿನ ವಿಚ್ಛೇದನದ ಕಾನೂನು ಕೂಡ ನಮ್ಮ ಹಿರಿಯರ ಪಕ್ಷದಲ್ಲೇ ಇತ್ತೆನ್ನಿ. ಕ್ರೈಸ್ತರಿಗೆ ಅನ್ವಯವಾಗುತ್ತಿದ್ದುದು 1869ರ ಭಾರತೀಯ ವಿಚ್ಛೇದನ ಕಾಯಿದೆ. ಗಂಡನಿಗಾದರೆ ಹೆಂಡತಿಯ ವ್ಯಭಿಚಾರ ಒಂದನ್ನೇ ತೋರಿಸಿದರೆ ಸಾಕಿತ್ತು. ಹೆಂಡತಿಯಾದರೆ ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ಎರಡು ವರ್ಷದ ಪರಿತ್ಯಾಗವನ್ನೋ ಸೇರಿಸಿ ಸಾಬೀತು ಮಾಡಬೇಕಿತ್ತು. ಬರೀ ಹೊಡೆತಕ್ಕೆ ಸಿಗುತ್ತಿದ್ದುದು ಬೇರೆ ಇರಲು ಅನುಮತಿ, ಬಿಡುಗಡೆಯಲ್ಲ. ಪಕ್ಕದ ಮನೆಯ ಹಿಂದೂ ಹೆಣ್ಣುಮಗಳಿಗೆ 1976ರಿಂದಲೇ ಕ್ರೌರ್ಯದ ಆಧಾರದ ಮೇಲೆ ವಿಚ್ಛೇದನ ಸಿಗುತ್ತಿತ್ತು. ನಮ್ಮವರಿಗೆ ಜಿಲ್ಲಾ ನ್ಯಾಯಾಲಯ ವಿಚ್ಛೇದನ ಕೊಟ್ಟರೂ ಹೈಕೋರ್ಟಿನ ಪೀಠ ಅದನ್ನು ದೃಢೀಕರಿಸುವವರೆಗೆ ಕಾಯಬೇಕು. 1995ರಲ್ಲಿ ಕೇರಳ ಹೈಕೋರ್ಟು ಈ ತಾರತಮ್ಯವನ್ನು ತಳ್ಳಿಹಾಕಿತು. ಕೊನೆಗೆ 2001ರಲ್ಲಿ ಸಂಸತ್ತು ಕಾಯಿದೆಯನ್ನು ತಿದ್ದಿ, ಕ್ರೌರ್ಯವೊಂದೇ ಸಾಕು ಎಂದಿತು. ಗಂಡ ಹೆಂಡತಿ ಇಬ್ಬರಿಗೂ ಒಂದೇ ಅಳತೆ, ಪರಸ್ಪರ ಒಪ್ಪಿಗೆಯ ವಿಚ್ಛೇದನವೂ ಬಂತು. ನೂರಾ ಮೂವತ್ತೆರಡು ವರ್ಷ! ನನ್ನ ಬಾಗಿಲಿಗೆ ಬಂದಾಕೆಗೆ ಬಿಡುಗಡೆ ಸಿಕ್ಕಿದ್ದು 2004ರಲ್ಲಿ. ಅಷ್ಟು ವರ್ಷ ಹೊಲಿಗೆ ಮಾಡಿ ಮಗಳನ್ನು ಓದಿಸಿದಳು.

ಅವಳು ಎರಡನೆಯ ಸಲ ಬಂದು ಹೋದ ಮೇಲೆ ನಾನು ಬೈಬಲನ್ನು ಬದಿಗಿಡಲಿಲ್ಲ. ಮತ್ತೆ ಓದಿದೆ, ಈ ಸಲ ಅವಳನ್ನು ಪಕ್ಕದಲ್ಲಿ ಕೂಡಿಸಿಕೊಂಡಂತೆ ಓದಿದೆ. ಮತ್ತಾಯನ 19ನೇ ಅಧ್ಯಾಯದಲ್ಲಿ ಯೇಸುವಿನ ಮುಂದೆ ಬಂದು ಪ್ರಶ್ನೆ ಕೇಳಿದವರು ಯಾರು? ಗಂಡಸರು. ಏನೋ ಒಂದು ಕಾರಣ ಹೇಳಿ ಹೆಂಡತಿಯನ್ನು ಬಿಡಬಹುದೇ ಎಂಬುದು ಅವರ ಪ್ರಶ್ನೆ. ಒಂದು ಚೀಟಿ ಬರೆದುಕೊಟ್ಟು ಹೆಣ್ಣನ್ನು ಬೀದಿಗೆ ತಳ್ಳುವ ಕಾಲ ಅದು. ಆ ಗಂಡಸರನ್ನು ತಡೆಯಲು ಆಡಿದ ಮಾತನ್ನು ತೆಗೆದುಕೊಂಡು, ಹೊಡೆಸಿಕೊಳ್ಳುವ ಹೆಣ್ಣನ್ನು ಅದೇ ಮನೆಯಲ್ಲಿ ಕೂಡಿಹಾಕಲು ನಾವು ಬಳಸುತ್ತಿದ್ದೆವು. ಇನ್ನು ಪೌಲನ ಮಾತು. ಕೋರ್ಟಿಗೆ ಹೋಗಬೇಡಿ ಎಂದ ಅದೇ ಪೌಲನನ್ನು ಯೆರೂಸಲೇಮಿನಲ್ಲಿ ಚಾವಟಿಯಿಂದ ಹೊಡೆಯಲು ಕಟ್ಟಿದಾಗ, ತಾನು ರೋಮಿನ ಪ್ರಜೆ, ವಿಚಾರಣೆಯಿಲ್ಲದೆ ಹೊಡೆಯುವ ಹಕ್ಕು ನಿಮಗಿಲ್ಲ ಎಂದು ಕಾನೂನನ್ನು ಮುಂದೆ ಹಿಡಿದ. ಮುಂದೆ ಚಕ್ರವರ್ತಿಯವರೆಗೂ ಮೊರೆ ಹೋದ. ಅಪೊಸ್ತಲರ ಕೃತ್ಯಗಳು 22 ಮತ್ತು 25ನೇ ಅಧ್ಯಾಯಗಳಲ್ಲಿ ಇದು ಇದೆ. ಬಾಲ್ಯದಿಂದ ಎಷ್ಟು ಸಲ ಕೇಳಿದ ಕತೆ! ಬೆನ್ನು ಪೌಲನದಾದಾಗ ಕಾನೂನು, ಬೆನ್ನು ಹೆಣ್ಣಿನದಾದಾಗ ಸಹನೆ ಎಂದರೆ ಅದು ಯಾವ ನ್ಯಾಯ? ಇದನ್ನು ಹಿರಿಯರ ಮುಂದೆ ಕೇಳಿದೆ. ಒಬ್ಬರು ನಕ್ಕರು. ಇನ್ನೊಬ್ಬರು ‘ಕಾಲೇಜಿನ ತರ್ಕ ಇಲ್ಲಿ ಬೇಡ’ ಎಂದರು. ಸಭೆಯ ವಯಸ್ಸಾದ ಹೆಂಗಸೊಬ್ಬರು ಮಾತ್ರ ಹೊರಗೆ ಬಂದ ಮೇಲೆ ನನ್ನ ಕೈ ಒತ್ತಿದರು. ಏಕೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಇಂಥ ಸಂದರ್ಭದಲ್ಲಿ ನನಗೆ ಜೊತೆಯಾದವರು ಪಂಡಿತಾ ರಮಾಬಾಯಿ. ಅವರ ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಕೂಸು ಆಕೆ. 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತಳಾದರು. ಅಲ್ಲಿ ಚೆಲ್ಟನ್‌ಹ್ಯಾಮ್‌ನಲ್ಲಿ ಗಂಡು ವಿದ್ಯಾರ್ಥಿಗಳಿಗೂ ಪಾಠ ಮಾಡುವ ಮಾತು ಬಂದಾಗ, ಭಾರತದಲ್ಲಿ ಇದು ಒಪ್ಪಿಗೆಯಾಗದು ಎಂದು ಬಿಷಪ್ಪರು ಅಡ್ಡಬಂದರು. ಆಕೆ ತಲೆಬಾಗಲಿಲ್ಲ, ತಾಯ್ನಾಡಿನ ಪುರೋಹಿತರ ನೊಗ ಕಷ್ಟಪಟ್ಟು ಕಳಚಿದವಳು ಅದೇ ತರದ ಇನ್ನೊಂದು ನೊಗಕ್ಕೆ ಹೆಗಲು ಕೊಡಲಾರೆ ಎಂಬರ್ಥದಲ್ಲಿ ತಮ್ಮ ಧರ್ಮಮಾತೆಗೇ ಪತ್ರ ಬರೆದರು. ಮುಂದೆ 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದಾಗ, ಅಲ್ಲಿ ಮತಬೋಧನೆ ಇಲ್ಲವೆಂದು ಮಾತು ಕೊಟ್ಟಿದ್ದರು. ಆದರೆ ತಮ್ಮ ಸ್ವಂತ ಪ್ರಾರ್ಥನೆಗೆ ಬಂದು ಕುಳಿತ ಹುಡುಗಿಯರನ್ನು ಹೊರಗೆ ಅಟ್ಟಲಿಲ್ಲ. 1893ರಲ್ಲಿ ದೊಡ್ಡ ಗದ್ದಲವಾಗಿ ರಾನಡೆ, ಭಾಂಡಾರ್ಕರರಂಥ ಸಲಹೆಗಾರರು ಹೊರನಡೆದರು. ಈ ವಿಷಯದಲ್ಲಿ ಆಕೆ ಮಾಡಿದ್ದು ಪೂರ್ತಿ ಸರಿಯೇ ಎಂದು ಕೇಳಿದರೆ ನಾನು ಇಂದಿಗೂ ತಡವರಿಸುತ್ತೇನೆ. ಆಶ್ರಯ ಕೊಟ್ಟವಳ ಮಾತಿಗೆ ಆಶ್ರಯ ಪಡೆದವಳು ಇಲ್ಲವೆನ್ನುವುದು ಕಷ್ಟ. ಆದ್ದರಿಂದ ನಾನು ಬೇರೆ ಧರ್ಮದ ಹೆಣ್ಣುಮಗಳ ಜೊತೆ, ಆಕೆ ತಾನಾಗಿ ಕೇಳದ ಹೊರತು, ಪ್ರಾರ್ಥನೆ ಮಾಡುವುದಿಲ್ಲ. ನಮ್ಮವರಲ್ಲೇ ಕೆಲವರಿಗೆ ಇದು ನಂಬಿಕೆಯ ಕೊರತೆಯಾಗಿ ಕಾಣುತ್ತದೆ. ಕಾಣಲಿ.

ಗುಟ್ಟಿನ ವಿಷಯವೂ ಇದೆ. ‘ಯಾರ ಮುಂದೂ ಹೇಳಬ್ಯಾಡ್ರಿ’ ಎಂದು ಆಣೆ ಹಾಕಿಸಿಕೊಂಡೇ ಹೆಂಗಸರು ಬಾಯಿ ಬಿಡುವುದು. ಕೊಟ್ಟ ಮಾತು ಉಳಿಸಿಕೊಳ್ಳುವುದು ಮೌಲ್ಯವೇ. ಆದರೆ ಸೀಮೆಎಣ್ಣೆ ಡಬ್ಬಿಯನ್ನು ಗಂಡ ಅಡುಗೆಮನೆಯಲ್ಲಿ ತಂದಿಟ್ಟಿದ್ದಾನೆ ಎಂದು ಒಬ್ಬಾಕೆ ಹೇಳಿದಾಗ ನಾನು ಮಾತು ಮುರಿದೆ, ಆಕೆಯ ಅಣ್ಣನಿಗೆ ಅದೇ ರಾತ್ರಿ ಫೋನು ಮಾಡಿದೆ. ಆಕೆ ನನ್ನ ಮೇಲೆ ಎರಡು ವರ್ಷ ಸಿಟ್ಟಿನಲ್ಲಿದ್ದಳು. ಅಂದಿನಿಂದ ಮೊದಲೇ ಹೇಳಿಬಿಡುತ್ತೇನೆ: ‘ನಿನ್ನ ಜೀವಕ್ಕೆ ಅಪಾಯ ಅನ್ನಿಸಿದರೆ ನಾನು ಸುಮ್ಮನಿರುವುದಿಲ್ಲ. ಉಳಿದದ್ದು ನಿನ್ನ ಒಪ್ಪಿಗೆಯಿಲ್ಲದೆ ಹೊರಗೆ ಹೋಗುವುದಿಲ್ಲ.’ ಇಷ್ಟು ಕೇಳಿ ಕೆಲವರು ಎದ್ದು ಹೋಗಿದ್ದೂ ಇದೆ.

ಈಗ ದಾರಿಗಳು ಹೆಚ್ಚಿವೆ. ಹಳೆಯ 498ಎ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಾಗಿದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯಡಿ, ಮನೆ ಯಾರ ಹೆಸರಿನಲ್ಲೇ ಇರಲಿ, ಹೆಂಡತಿಗೆ ಅಲ್ಲಿ ವಾಸಿಸುವ ಹಕ್ಕಿದೆ, ಅವಳನ್ನು ಕಾನೂನು ಬಿಟ್ಟು ಹೊರದಬ್ಬುವಂತಿಲ್ಲ. ವಿಚ್ಛೇದನ ಬೇಡವೆನ್ನುವವಳೂ ರಕ್ಷಣೆಯ ಆದೇಶ ಪಡೆಯಬಹುದು. ಬಂಧ ಮುರಿಯಲು ಮನಸ್ಸೊಪ್ಪದ ನಮ್ಮ ಸಭೆಯ ಹೆಣ್ಣುಮಕ್ಕಳಿಗೆ ನಾನು ಮೊದಲು ಹೇಳುವುದು ಇದನ್ನೇ. ಸಹಾಯವಾಣಿ 181 ನಿಮಗೆಲ್ಲ ಗೊತ್ತಿದೆ.

ಇನ್ನು ನಿಮ್ಮ ಪೈಕಿಯದೇ ಒಂದು ಸಂಗತಿ ಹೇಳಿ ಕೂಡುತ್ತೇನೆ. ನಾನು ಸಲಹೆಗಾರಳಾಗಿರುವ ಒಂದು ಸಂಘದಲ್ಲಿ ಸದಸ್ಯೆಯೊಬ್ಬಳು ಮಗಳ ಮದುವೆಗೆಂದು ನಲವತ್ತು ಸಾವಿರ ಸಾಲ ಕೇಳಿದ್ದಾಳೆ. ಅರ್ಜಿಯಲ್ಲಿ ‘ಮದುವೆ ಖರ್ಚು’ ಎಂದಿದೆ. ಅದು ಗಂಡಿನ ಕಡೆಯವರು ಕೇಳಿದ ಹಣವೆಂದು ಹದಿನೈದೂ ಮಂದಿಗೆ ಗೊತ್ತು. ಕಂತು ತಪ್ಪದೆ ಕಟ್ಟಿದವಳು, ಎಲ್ಲರ ಕಷ್ಟಕ್ಕೆ ಆದವಳು. ಅಧ್ಯಕ್ಷೆ ನನ್ನ ಹತ್ತಿರ ಬಂದು ಅತ್ತಳು: ‘ಕೊಟ್ರ ನಮ್ಮ ದುಡ್ಡ ವರದಕ್ಷಿಣಿ ಆಗ್ತೈತಿ, ಕೊಡದಿದ್ರ ಆಕಿ ಬಡ್ಡಿಯವರ ಹಂತ್ಯಾಕ ಹೋಗ್ತಾಳ್ರಿ.’ ಎರಡೂ ನಿಜ. ವರದಕ್ಷಿಣೆ ಕೊಡುವುದೂ ಅಪರಾಧವೆಂದು 1961ರ ಕಾಯಿದೆ ಹೇಳುತ್ತದೆ. ಆದರೆ ಅದರ 7ನೇ ಕಲಮಿನ ಪ್ರಕಾರ ನೊಂದವರು ಕೊಟ್ಟ ಹೇಳಿಕೆಯನ್ನು ಹಿಡಿದು ಅವರ ಮೇಲೆಯೇ ಮೊಕದ್ದಮೆ ಹೂಡುವಂತಿಲ್ಲ ಎಂಬುದನ್ನು ಆ ತಾಯಿಗೆ ತಿಳಿಸಿದ್ದೇನೆ. ಆಕೆ ಸುಮ್ಮನೆ ಕೇಳಿಸಿಕೊಂಡಳು. ಇಷ್ಟು ಮಾತಾದರೂ ಮದುವೆಯಾಗುವ ಹುಡುಗಿಯನ್ನು ಯಾರೂ ಕೇಳಿಯೇ ಇಲ್ಲವೆಂದು ಆಮೇಲೆ ಹೊಳೆಯಿತು. ಬರುವ ಮಂಗಳವಾರದ ಸಭೆಗೆ ಅವಳನ್ನು ಕರೆದಿದ್ದೇವೆ. ನನ್ನ ಹೊಲಿಗೆಯ ಗೆಳತಿಯೂ ಬರುತ್ತೇನೆಂದಿದ್ದಾಳೆ. ಎಂದಿನಂತೆ ಬಲಗಿವಿ ಮಾತಾಡುವವರ ಕಡೆ ಬರುವ ಹಾಗೆ, ಎಡಗಡೆಯ ಕೊನೆಯ ಕುರ್ಚಿಯಲ್ಲಿ ಕೂಡುತ್ತಾಳೆ.