ಮೊದಲು ಸಂಗಡ, ಆಮೇಲೆ ಸೇವೆ: ಕ್ರಿಸ್ತನಲ್ಲಿ ನೆಲೆಗೊಂಡ ಬದುಕು



ಸಭೆಯ ಆಡಳಿತ, ಶಾಲೆ ಆಸ್ಪತ್ರೆಗಳ ನಿರ್ವಹಣೆ, ಯುವಜನರ ಸಮಸ್ಯೆ, ಸುವಾರ್ತಾಸೇವೆ ಮೊದಲಾದ ವಿಷಯಗಳು ಈ ಸಮ್ಮೇಳನದ ಮುಂದಿನ ಗೋಷ್ಠಿಗಳಲ್ಲಿ ಚರ್ಚೆಗೆ ಬರಲಿವೆ. ಆದರೆ ಇವೆಲ್ಲಕ್ಕೂ ಬುಡದಲ್ಲಿರುವ ಸಂಗತಿಯೊಂದಿದ್ದು, ಅದು ಸಡಿಲಗೊಂಡರೆ ಉಳಿದದ್ದೆಲ್ಲ ಸುಸೂತ್ರವಾಗಿ ನಡೆಯುತ್ತಿರುವಂತೆ ಕಂಡರೂ ಒಳಗಿನಿಂದ ಬರಿದಾಗುತ್ತದೆ. ಯೇಸು ಕ್ರಿಸ್ತನೊಂದಿಗೆ ವಿಶ್ವಾಸಿಗೆ ಇರಬೇಕಾದ ನಿಕಟವಾದ, ಎಡೆಬಿಡದ ಸಂಬಂಧವೇ ಆ ಸಂಗತಿಯಾಗಿದ್ದು, ಈ ಭಾಷಣ ಅದೊಂದನ್ನೇ ವಿಚಾರಕ್ಕೆ ಎತ್ತಿಕೊಳ್ಳುತ್ತದೆ.

ಮಾರ್ಕನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿ ಯೇಸು ಹನ್ನೆರಡು ಮಂದಿಯನ್ನು ಆರಿಸಿಕೊಂಡ ಪ್ರಸಂಗವಿದೆ. ಅಲ್ಲಿ ಆ ಆಯ್ಕೆಗೆ ಹೇಳಿರುವ ಉದ್ದೇಶಗಳ ಕ್ರಮ ಗಮನಾರ್ಹವಾದುದು: ಅವರು ತನ್ನ ಸಂಗಡ ಇರಬೇಕೆಂಬುದು ಮೊದಲನೆಯದು; ಅವರನ್ನು ಸಾರುವುದಕ್ಕೂ ದೆವ್ವಗಳನ್ನು ಬಿಡಿಸುವುದಕ್ಕೂ ಕಳುಹಿಸಬೇಕೆಂಬುದು ಆಮೇಲಿನದು. ಯೋಹಾನನ ಸುವಾರ್ತೆಯೂ ಇದನ್ನೇ ಬೇರೆ ಬಗೆಯಲ್ಲಿ ತೋರಿಸುತ್ತದೆ. ಸ್ನಾನಿಕನಾದ ಯೋಹಾನನ ಇಬ್ಬರು ಶಿಷ್ಯರು ಯೇಸುವಿನ ಹಿಂದೆ ಹೋಗಿ ಮೊದಲು ಕೇಳುವುದು ಆತನ ಉಪದೇಶವೇನೆಂದಲ್ಲ, ಆತನ ಬಿಡಾರ ಎಲ್ಲಿ ಎಂದು. ಆತನು ಕರೆದಾಗ ಹೋಗಿ, ಆ ದಿನ ಆತನ ಬಳಿಯಲ್ಲೇ ಉಳಿದುಕೊಂಡು, ಅದರ ನಂತರವೇ ಅಂದ್ರೆಯನು ತನ್ನ ಅಣ್ಣ ಸೀಮೋನನನ್ನು ಹುಡುಕಿ ಕರೆತರುತ್ತಾನೆ. ಸಂಗಡ ಇರುವುದು ಮೊದಲು, ಕಳುಹಿಸಲ್ಪಡುವುದು ಆಮೇಲೆ ಎಂಬ ಈ ಕ್ರಮವನ್ನು ತಿರುವುಮುರುವು ಮಾಡುವುದೇ ಸೇವೆಯಲ್ಲಿ ತೊಡಗಿದ ಸಭೆಗಳಿಗೆ ಎಲ್ಲ ಕಾಲದಲ್ಲೂ ಎದುರಾಗಿರುವ ಶೋಧನೆ.

ಈ ಸಂಬಂಧವನ್ನು ವಿವರಿಸುವ ವಾಕ್ಯಭಾಗಗಳಲ್ಲಿ ಯೋಹಾನನ ಸುವಾರ್ತೆಯ 15ನೆಯ ಅಧ್ಯಾಯಕ್ಕೆ ಮುಖ್ಯ ಸ್ಥಾನವಿದೆ. ಕಡೆಯ ಭೋಜನದ ರಾತ್ರಿ, ಇನ್ನು ಕೆಲವೇ ಗಳಿಗೆಗಳಲ್ಲಿ ಶಿಷ್ಯರು ಚದುರಿಹೋಗಲಿದ್ದಾಗ, ಯೇಸು ತನ್ನನ್ನು ದ್ರಾಕ್ಷಾಬಳ್ಳಿಗೂ ತಂದೆಯನ್ನು ತೋಟಗಾರನಿಗೂ ಶಿಷ್ಯರನ್ನು ಕೊಂಬೆಗಳಿಗೂ ಹೋಲಿಸಿದನು. ಯೆಶಾಯನ ಐದನೆಯ ಅಧ್ಯಾಯವೂ 80ನೆಯ ಕೀರ್ತನೆಯೂ ಇಸ್ರಾಯೇಲ್ ಜನಾಂಗವನ್ನೇ ದೇವರು ನೆಟ್ಟ ದ್ರಾಕ್ಷೆಯಾಗಿ ಕಂಡಿದ್ದವು. ಆ ದ್ರಾಕ್ಷೆ ನಿರೀಕ್ಷಿಸಿದ ಫಲ ಕೊಡಲಿಲ್ಲವೆಂಬ ಪ್ರವಾದಿಯ ವ್ಯಥೆಯ ಹಿನ್ನೆಲೆಯಲ್ಲಿ ನಿಜವಾದ ಬಳ್ಳಿ ತಾನೇ ಎಂದು ಯೇಸು ಹೇಳುವುದನ್ನು ಓದಿದಾಗ, ಫಲದ ಹೊಣೆ ಕೊಂಬೆಯ ಸ್ವಂತ ಬಲದ ಮೇಲಿಲ್ಲವೆಂಬುದು ಸ್ಪಷ್ಟವಾಗುತ್ತದೆ. ಕೊಂಬೆಗೆ ಕೊಟ್ಟಿರುವ ಅಪ್ಪಣೆ ಒಂದೇ, ಬಳ್ಳಿಯಲ್ಲಿ ನೆಲೆಗೊಂಡಿರುವುದು. ನೆಲೆಗೊಂಡಿರುವುದೆಂದರೆ ಆಗೊಮ್ಮೆ ಈಗೊಮ್ಮೆ ಭೇಟಿಕೊಟ್ಟು ಮರಳುವುದಲ್ಲ; ಸುಖದುಃಖಗಳೆರಡರಲ್ಲೂ ಜಾಗ ಬಿಡದೆ ಅಲ್ಲಿಯೇ ಒಕ್ಕಲಾಗಿರುವುದು.

ಈ ಹೋಲಿಕೆಯ ಆಳವನ್ನು ಅರಿಯಲು ವಿಜಯಪುರ ಜಿಲ್ಲೆಯ ದ್ರಾಕ್ಷಿ ತೋಟಗಳು ಒಳ್ಳೆಯ ವ್ಯಾಖ್ಯಾನವಾಗಬಲ್ಲವು. ಅಲ್ಲಿನ ಬೆಳೆಗಾರರು ವರ್ಷಕ್ಕೆ ಎರಡು ಸಲ ಬಳ್ಳಿಯನ್ನು ಸವರುತ್ತಾರೆ. ಈ ಸವರುವಿಕೆಗೆ ಅವರ ಮಾತಿನಲ್ಲಿ ಚಾಟ್ನಿ ಎಂದು ಹೆಸರು. ಫಲ ಕೊಯ್ದಾದ ಮೇಲೆ ಏಪ್ರಿಲ್ ಸುಮಾರಿಗೆ ಮಾಡುವ ಚಾಟ್ನಿಯಲ್ಲಿ ಹಳೆಯ ಕಡ್ಡಿಗಳನ್ನು ಒಂದೆರಡು ಕಣ್ಣು ಮಾತ್ರ ಉಳಿಯುವಂತೆ ಕತ್ತರಿಸುವುದರಿಂದ ಚಪ್ಪರವೆಲ್ಲ ಬೋಳಾಗಿ, ತೋಟವೇ ಹಾಳಾಯಿತೇನೋ ಎಂದು ಅರಿಯದವರಿಗೆ ತೋರುತ್ತದೆ. ಆದರೆ ಅನಂತರ ಹೊರಟ ಹೊಸ ಚಿಗುರಿನ ಕಣ್ಣುಗಳೊಳಗೆ, ಸುಮಾರು ಎರಡು ತಿಂಗಳೊಳಗಾಗಿ, ಮುಂದಿನ ಗೊಂಚಲಿನ ಮೂಲರೂಪ ಕಟ್ಟಿಕೊಳ್ಳುತ್ತದೆ. ಆಗ ಆ ಕಣ್ಣುಗಳಿಗೆ ಸಾಕಷ್ಟು ಬಿಸಿಲು ದೊರೆಯದಿದ್ದರೆ ಅಕ್ಟೋಬರಿನ ಎರಡನೆಯ ಚಾಟ್ನಿಯ ನಂತರ ಬಳ್ಳಿ ಹಸಿರಾಗಿ ಚಿಗುರುತ್ತದೆಯೇ ಹೊರತು ಗೊಂಚಲು ಬಿಡುವುದಿಲ್ಲ. ಫೆಬ್ರವರಿ ಮಾರ್ಚ್‌ನಲ್ಲಿ ಕೈಗೆ ಬರುವ ಹಣ್ಣು ಎಷ್ಟೆಂಬುದು ಹೀಗೆ ಬಹುಮಟ್ಟಿಗೆ, ಬಳ್ಳಿಯ ಮೇಲೆ ಒಂದು ಕಾಯಿಯೂ ಇಲ್ಲದ ಬೇಸಿಗೆಯಲ್ಲೇ ನಿರ್ಧಾರವಾಗಿರುತ್ತದೆ. ವಿಶ್ವಾಸಿಯ ಬದುಕಿನಲ್ಲಿ ಹೊರಗೆ ಕಾಣುವ ಫಲಕ್ಕೂ ಯಾರಿಗೂ ಕಾಣದ ಆಂತರಿಕ ಸಂಬಂಧಕ್ಕೂ ಇರುವ ನಂಟು ಇಂಥದ್ದೇ. ಕಡಿತವನ್ನು ಶಿಕ್ಷೆಯೆಂದೂ ಫಲ ಕಾಣದ ತಿಂಗಳುಗಳನ್ನು ವ್ಯರ್ಥವೆಂದೂ ಎಣಿಸುವ ತಪ್ಪಿಗೆ ಅದೇ ಅಧ್ಯಾಯ ಮದ್ದನ್ನೂ ಹೇಳುತ್ತದೆ, ಏಕೆಂದರೆ ಅದರ ಪ್ರಕಾರ ತಂದೆಯು ಸವರಿ ಶುದ್ಧಿಮಾಡುವುದು ಫಲ ಕೊಡುವ ಕೊಂಬೆಯನ್ನೇ.

ಅಪೊಸ್ತಲನಾದ ಪೌಲನು ಇದೇ ಸತ್ಯವನ್ನು ‘ಕ್ರಿಸ್ತನಲ್ಲಿ’ ಎಂಬ ಮಾತನ್ನು ತನ್ನ ಪತ್ರಗಳ ಉದ್ದಕ್ಕೂ ಮತ್ತೆ ಮತ್ತೆ ಬಳಸಿ ನಿರೂಪಿಸಿದ್ದಾನೆ. ಕ್ರಿಸ್ತನೊಂದಿಗೆ ಸತ್ತು, ಕ್ರಿಸ್ತನೊಂದಿಗೆ ಎದ್ದು, ಆತನೊಂದಿಗೆ ದೇವರಲ್ಲಿ ಮರೆಯಾಗಿರುವ ಜೀವವನ್ನು ಬಾಳುವವನೇ ವಿಶ್ವಾಸಿ ಎಂಬುದು ಆ ಪತ್ರಗಳ ಸಾರ. ಮುಂದೆ ಸಭಾ ಇತಿಹಾಸದಲ್ಲಿ ಪರಸ್ಪರ ಒಪ್ಪದ ಪಂಥಗಳು ಕೂಡ ಈ ಬಿಂದುವಿನಲ್ಲಿ ಹತ್ತಿರ ಬಂದಿರುವುದು ಉಲ್ಲೇಖನೀಯ. ಪೂರ್ವದೇಶಗಳ ಆರ್ಥೊಡಾಕ್ಸ್ ಸಭೆಗಳು ಮನುಷ್ಯನು ಕೃಪೆಯಿಂದ ದೈವಿಕ ಜೀವದಲ್ಲಿ ಪಾಲುಗಾರನಾಗುವುದನ್ನು ರಕ್ಷಣೆಯ ಗುರಿಯೆಂದು ಬೋಧಿಸಿದವು. ಸ್ಪೇನಿನ ಆವಿಲಾದ ಸಂತ ತೆರೇಸಾ 1577ರಲ್ಲಿ ಬರೆದ ಗ್ರಂಥದಲ್ಲಿ ಆತ್ಮವನ್ನು ಹಲವು ಅಂಕಣಗಳ ಕೋಟೆಯಾಗಿಯೂ ಅದರ ಒಳಮನೆಯಲ್ಲಿ ಅರಸನು ವಾಸಿಸುವುದಾಗಿಯೂ ಚಿತ್ರಿಸಿದರು. ಜಿನೀವಾದ ಸುಧಾರಕ ಜಾನ್ ಕ್ಯಾಲ್ವಿನ್ 1559ರಲ್ಲಿ ಅಂತಿಮ ರೂಪ ಪಡೆದ ತಮ್ಮ ಮಹಾಗ್ರಂಥದ ಮೂರನೆಯ ಭಾಗದ ಆರಂಭದಲ್ಲಿಯೇ, ಕ್ರಿಸ್ತನು ವಿಶ್ವಾಸಿಯಿಂದ ಹೊರಗೇ ಉಳಿದಿರುವ ತನಕ ಆತನು ಮಾಡಿದ ಕಾರ್ಯದ ಪ್ರಯೋಜನವೂ ಹೊರಗೇ ಉಳಿಯುತ್ತದೆಂಬ ವಾದವನ್ನು ಮುಂದಿಟ್ಟರು. ಈ ಐಕ್ಯದಲ್ಲಿ ಭಕ್ತನ ವ್ಯಕ್ತಿತ್ವ ಕರಗಿ ಇಲ್ಲವಾಗುವುದಿಲ್ಲವೆಂಬುದನ್ನೂ ಇಲ್ಲಿ ಗಮನಿಸಬೇಕು. ಕರೆಯುವವನು ಮತ್ತು ಓಗೊಡುವವನು ಇಬ್ಬರೂ ಉಳಿಯುತ್ತಾರೆ. ಆದ್ದರಿಂದಲೇ ಪ್ರೀತಿ, ವಿಧೇಯತೆ, ಕ್ಷಮೆ ಎಂಬ ಸಂಬಂಧವಾಚಕ ಮಾತುಗಳಿಗೆ ಕ್ರೈಸ್ತ ಭಕ್ತಿಯಲ್ಲಿ ಕೊನೆಯತನಕವೂ ಅರ್ಥವಿರುತ್ತದೆ.

ಧರ್ಮವನ್ನು ಸ್ವೀಕರಿಸುವುದು ಬೇರೆ, ಕ್ರಿಸ್ತನನ್ನೇ ಹೊಂದುವುದು ಬೇರೆ ಎಂಬುದಕ್ಕೆ ಪಂಡಿತಾ ರಮಾಬಾಯಿಯವರ ಜೀವನಕ್ಕಿಂತ ಪ್ರಬಲವಾದ ನಿದರ್ಶನ ಭಾರತದ ಕ್ರೈಸ್ತ ಚರಿತ್ರೆಯಲ್ಲಿ ವಿರಳ. 1858ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ, ಕಾರ್ಕಳದ ಬಳಿಯ ಮಾಳ ಮೂಲದ ಅನಂತ ಶಾಸ್ತ್ರಿ ಡೋಂಗ್ರೆಯವರ ಮಗಳಾಗಿ ಹುಟ್ಟಿದ ಅವರು, ತಾಯಿಯಿಂದಲೇ ಸಂಸ್ಕೃತ ಕಲಿತು, ತಂದೆತಾಯಿಗಳನ್ನು ಕ್ಷಾಮದಲ್ಲಿ ಕಳೆದುಕೊಂಡು, ದೇಶವನ್ನು ಕಾಲ್ನಡಿಗೆಯಲ್ಲಿ ಸುತ್ತಿ, ಕಲ್ಕತ್ತೆಯ ವಿದ್ವಾಂಸರಿಂದ ಪಂಡಿತಾ ಮತ್ತು ಸರಸ್ವತಿ ಎಂಬ ಬಿರುದುಗಳನ್ನು ಪಡೆದರು. 1883ರಲ್ಲಿ ಇಂಗ್ಲೆಂಡಿನ ವಾಂಟೇಜ್‌ನಲ್ಲಿ ದೀಕ್ಷಾಸ್ನಾನ ಹೊಂದಿ, ಅಮೆರಿಕದಲ್ಲಿ ಭಾರತೀಯ ವಿಧವೆಯರ ಪರವಾಗಿ ದನಿಯೆತ್ತಿ, 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದ ಅವರ ಸೇವೆಯಲ್ಲಿ ಹೊರಗಿನವರಿಗೆ ಯಾವ ಕೊರತೆಯೂ ಕಾಣುತ್ತಿರಲಿಲ್ಲ. ಆದರೂ ಅವರು ಮುಂದೆ ಬರೆದ ಸಾಕ್ಷ್ಯದಲ್ಲಿ, ಆ ವರ್ಷಗಳಲ್ಲಿ ತಮಗೆ ಕ್ರೈಸ್ತ ಮತವು ದೊರೆತಿದ್ದರೂ ಆ ಮತದ ಜೀವವಾದ ಕ್ರಿಸ್ತನು ದೊರೆತಿರಲಿಲ್ಲವೆಂಬ ಅರ್ಥದ ಮಾತನ್ನು ನಿಸ್ಸಂಕೋಚವಾಗಿ ಬರೆದಿದ್ದಾರೆ. ದೀಕ್ಷಾಸ್ನಾನವಾಗಿ ಸುಮಾರು ಎಂಟು ವರ್ಷಗಳಾದ ಮೇಲೆ ಈ ಕೊರತೆ ನೀಗಿತು; ಆ ನಂತರದ ವರ್ಷಗಳಲ್ಲಿಯೇ ಅವರು 1896–97ರ ಕ್ಷಾಮದಿಂದ ನೂರಾರು ಬಾಲಕಿಯರನ್ನೂ ವಿಧವೆಯರನ್ನೂ ಪಾರುಮಾಡಿ ಪುಣೆಯ ಬಳಿಯ ಕೇಡಗಾಂವ್‌ಗೆ ಕರೆತಂದು ಮುಕ್ತಿ ಸದನವನ್ನು ಬೆಳೆಸಿದ್ದು, ಮೂಲಭಾಷೆಗಳನ್ನು ಕಲಿತು ಇಡೀ ಬೈಬಲನ್ನು ಮರಾಠಿಗೆ ಅನುವಾದಿಸಿದ್ದು. 1922ರಲ್ಲಿ ತೀರಿಕೊಳ್ಳುವ ವೇಳೆಗೆ ಆ ಅನುವಾದ ಮುಗಿದಿತ್ತು. ಆಂತರಿಕ ಸಂಬಂಧವು ಅವರನ್ನು ಲೋಕದಿಂದ ದೂರ ಒಯ್ಯಲಿಲ್ಲ, ಲೋಕದ ಅತ್ಯಂತ ಹಸಿದ ಮೂಲೆಗೆ ಕೊಂಡೊಯ್ದಿತು.

ಇಂಥ ಸಂಬಂಧ ಮಹಾನುಭಾವರಿಗೆ ಮಾತ್ರ ಸಾಧ್ಯವೆಂಬ ಆಕ್ಷೇಪಕ್ಕೆ ಹದಿನೇಳನೆಯ ಶತಮಾನದ ಪ್ಯಾರಿಸ್ಸಿನ ಬ್ರದರ್ ಲಾರೆನ್ಸ್ ಉತ್ತರವಾಗಿದ್ದಾರೆ. ಸೈನಿಕನಾಗಿ ಗಾಯಗೊಂಡು, ಕಾರ್ಮೆಲ್ ಮಠ ಸೇರಿದ ಇವರಿಗೆ ಮೊದಲು ದೊರೆತದ್ದು ಅಡುಗೆಮನೆಯ ಕೆಲಸ, ಮುಪ್ಪಿನಲ್ಲಿ ದೊರೆತದ್ದು ಪಾದರಕ್ಷೆಗಳನ್ನು ದುರಸ್ತಿಮಾಡುವ ಕೆಲಸ. ಅಡುಗೆಯ ಗಡಿಬಿಡಿಯಲ್ಲಿಯೂ ಪೂಜಾಪೀಠದ ಮುಂದೆ ಇದ್ದಷ್ಟೇ ದೇವರ ಸನ್ನಿಧಿಯಲ್ಲಿ ಇರಲು ಅವರು ಮಾಡಿಕೊಂಡ ಅಭ್ಯಾಸವು, 1691ರಲ್ಲಿ ಅವರು ತೀರಿಕೊಂಡ ನಂತರ ಪ್ರಕಟವಾದ ಪತ್ರ ಮತ್ತು ಸಂಭಾಷಣೆಗಳ ಮೂಲಕ ಪಂಥಭೇದವಿಲ್ಲದೆ ಓದುಗರನ್ನು ತಲುಪಿದೆ. ದಕ್ಷಿಣ ಆಫ್ರಿಕಾದ ಸಭಾಪಾಲಕ ಆಂಡ್ರೂ ಮರೆ 1864ರಲ್ಲಿ ಡಚ್ ಭಾಷೆಯಲ್ಲಿ, ಹೊಸದಾಗಿ ವಿಶ್ವಾಸಕ್ಕೆ ಬಂದವರಿಗಾಗಿ, ತಿಂಗಳ ಒಂದೊಂದು ದಿನಕ್ಕೆ ಒಂದೊಂದರಂತೆ 31 ಅಧ್ಯಾಯಗಳಲ್ಲಿ ಯೋಹಾನ 15ನ್ನು ವಿವರಿಸಿದ್ದೂ ದಿನಚರಿಯೇ ಈ ಸಂಬಂಧದ ಕ್ಷೇತ್ರವೆಂಬ ತಿಳಿವಿನಿಂದಲೇ.

ದಿನಚರಿಯಲ್ಲಿ ಈ ಸಂಬಂಧವನ್ನು ಪೋಷಿಸುವ ಸಾಧನಗಳು ಹೊಸವೇನೂ ಅಲ್ಲ. ವಾಕ್ಯವನ್ನು ಓದಿ ಮುಗಿಸುವ ಬದಲು ಅದನ್ನು ಮನಸ್ಸಿನಲ್ಲಿ ಮೆಲುಕುಹಾಕುವ ಧ್ಯಾನ; ಬೇಡಿಕೆಗಳ ಪಟ್ಟಿಯಾಗಿ ಮುಗಿಯದೆ ಆಲಿಸುವ ಮೌನಕ್ಕೂ ಎಡೆಮಾಡಿಕೊಡುವ ಪ್ರಾರ್ಥನೆ; ಕರ್ತನ ಭೋಜನ, ಅಂದರೆ ಕ್ಯಾಥೊಲಿಕರು ಪರಮಪ್ರಸಾದವೆಂದು ಕರೆಯುವ ಸಂಸ್ಕಾರ; ತಪ್ಪಿದಾಗ ತಿದ್ದುವ, ಬಿದ್ದಾಗ ಎತ್ತುವ ಸಹವಿಶ್ವಾಸಿಗಳ ಅನ್ಯೋನ್ಯತೆ; ಕಡೆಯದಾಗಿ, ತಿಳಿದಷ್ಟನ್ನು ಕೂಡಲೇ ನಡೆದು ತೋರಿಸುವ ವಿಧೇಯತೆ. ಕಡೆಯದು ಇಲ್ಲದಿದ್ದರೆ ಉಳಿದ ನಾಲ್ಕೂ ಪೊಳ್ಳಾಗುತ್ತವೆ. ಯೋಹಾನನ ಸುವಾರ್ತೆಯಲ್ಲಿ ಆಜ್ಞೆಗಳನ್ನು ಕೈಕೊಳ್ಳುವುದು ಪ್ರೀತಿಯಲ್ಲಿ ನೆಲೆಗೊಳ್ಳುವ ಮಾರ್ಗವಾಗಿದ್ದು, ಆ ಆಜ್ಞೆಯ ತಿರುಳು ಒಬ್ಬರನ್ನೊಬ್ಬರು ಪ್ರೀತಿಸುವುದಾಗಿದೆ. ಕಾಣುವ ಸಹೋದರನನ್ನು ದ್ವೇಷಿಸುತ್ತ ಕಾಣದ ದೇವರ ಮೇಲಿನ ಪ್ರೀತಿಯನ್ನು ಹೇಳಿಕೊಳ್ಳುವವನ ಮಾತನ್ನು ಯೋಹಾನನ ಮೊದಲನೆಯ ಪತ್ರವು ಸುಳ್ಳೆಂದೇ ತೀರ್ಮಾನಿಸುತ್ತದೆ. ಆದ್ದರಿಂದ ಬೆಳಗಿನ ಧ್ಯಾನದಲ್ಲಿ ಕಣ್ಣೀರು ಸುರಿಸಿ, ಹೊರಬಂದು ಮನೆಗೆಲಸದವಳ ಕೂಲಿಯನ್ನು ಮುರಿದುಕೊಳ್ಳುವ ಭಕ್ತಿಗೂ, ಜಾತಿಯ ನೆನಪನ್ನು ಸಭೆಯ ಬೆಂಚುಗಳ ತನಕ ಹೊತ್ತು ತರುವ ಭಕ್ತಿಗೂ ಯೋಹಾನ 15ರಲ್ಲಿ ಆಸರೆ ಇಲ್ಲ.

ನೆಲೆಗೊಂಡಿರುವುದನ್ನು ಭಾವೋದ್ರೇಕದೊಂದಿಗೆ ಸಮೀಕರಿಸುವುದು ಇನ್ನೊಂದು ತಪ್ಪು. ಕಲ್ಕತ್ತೆಯ ಮದರ್ ತೆರೇಸಾ ಅವರ ಪತ್ರಗಳು 2007ರಲ್ಲಿ ಪ್ರಕಟವಾದಾಗ, ಅವರು ದಶಕಗಳ ಕಾಲ ದೇವರ ಸನ್ನಿಧಿಯ ಅನುಭವವಿಲ್ಲದ ಕತ್ತಲೆಯನ್ನು ಹಾದುಹೋಗಿದ್ದರೆಂಬುದು ಲೋಕಕ್ಕೆ ತಿಳಿಯಿತು. ಆ ಅವಧಿಯುದ್ದಕ್ಕೂ ಅವರ ಪ್ರಾರ್ಥನೆಯೂ ನಿಲ್ಲಲಿಲ್ಲ, ಸಾಯುತ್ತಿರುವವರ ಹಾಸಿಗೆಯ ಬಳಿಯ ಸೇವೆಯೂ ನಿಲ್ಲಲಿಲ್ಲ. ಅನುಭವವು ಸಂಬಂಧದ ಕೊಡುಗೆಯಾಗಬಹುದು, ಅದರ ಅಳತೆಗೋಲಾಗಲಾರದು. ಸಂಗೀತ, ಧ್ವನಿವರ್ಧಕ, ಜನಸಂದಣಿಗಳಿಂದ ಉಕ್ಕಿಸಿದ ಉತ್ಸಾಹವನ್ನೇ ಪವಿತ್ರಾತ್ಮನ ಕಾರ್ಯವೆಂದು ತಿಳಿದ ಯುವಕರು, ಉತ್ಸಾಹ ಇಳಿದೊಡನೆ ವಿಶ್ವಾಸವೂ ಮುಗಿಯಿತೆಂದು ಎದೆಗುಂದುವುದನ್ನು ತಪ್ಪಿಸಬೇಕಾದರೆ ಈ ವಿವೇಕವನ್ನು ಸಭೆಗಳು ಸ್ಪಷ್ಟವಾಗಿ ಬೋಧಿಸಬೇಕಾಗುತ್ತದೆ.

ಕನ್ನಡ ನಾಡಿನ ಸಭೆಗಳಿಗೆ ಈ ವಿಚಾರದಲ್ಲಿ ವಿಶೇಷ ಹೊಣೆಯಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಸಂಸ್ಥೆಯು ಶಾಲೆ, ಮುದ್ರಣಾಲಯ, ನೇಯ್ಗೆ, ಹಂಚಿನ ಕಾರ್ಖಾನೆಗಳನ್ನು ಕಟ್ಟಿತು, ಆ ಮಿಶನ್ನಿನ ಮೊಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು ಹೊರಡಿಸಿದರು, ಅದೇ ಮಿಶನ್ನಿನ ಕಿಟೆಲ್ 1894ರಲ್ಲಿ ಕನ್ನಡದ ಮಹಾನಿಘಂಟನ್ನು ಕೊಟ್ಟರು. ಈ ಸಾಧನೆಗಳನ್ನು ನಾಡು ಕೃತಜ್ಞತೆಯಿಂದ ನೆನೆಯುತ್ತದೆ. ಆದರೆ ಇದೇ ಕಿಟೆಲ್ ನಿಘಂಟಿಗಿಂತ ಮೂರು ದಶಕಗಳ ಮೊದಲೇ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ದೇಶೀಯ ಛಂದಸ್ಸಿಗೆ ಇಳಿಸಿದ್ದರೆಂಬುದನ್ನು ಮರೆಯಬಾರದು; ಕ್ರಿಸ್ತನ ಪರಿಚಯ ಕನ್ನಡಿಗನ ಬಾಯಲ್ಲಿ ಹಾಡಾಗಿ ಒಳಗಿಳಿಯಬೇಕೆಂಬ ಹಂಬಲವಿಲ್ಲದೆ ಆ ಶ್ರಮ ನಡೆಯುತ್ತಿರಲಿಲ್ಲ. ಆದರೆ ಸಂಸ್ಥೆಯು ಅದನ್ನು ಕಟ್ಟಿದ ಭಕ್ತಿಗಿಂತ ಹೆಚ್ಚು ಕಾಲ ಬಾಳಬಲ್ಲದು, ಮತ್ತು ಅಪಾಯವಿರುವುದು ಅಲ್ಲಿಯೇ. ಚುನಾವಣೆ, ಆಸ್ತಿ, ನೇಮಕಾತಿಗಳ ವ್ಯಾಜ್ಯಗಳಲ್ಲಿ ಸಭೆಗಳು ನ್ಯಾಯಾಲಯದ ಮೆಟ್ಟಿಲೇರುವಾಗ ಕೊರತೆಯಿರುವುದು ನಿಯಮಾವಳಿಯಲ್ಲಿ ಮಾತ್ರವಲ್ಲ, ಬಳ್ಳಿಯೊಂದಿಗಿನ ನಂಟಿನಲ್ಲಿ.

ಈ ಹಿನ್ನೆಲೆಯಲ್ಲಿ ಸಮ್ಮೇಳನದ ಪರಿಶೀಲನೆಗೆ ಕೆಲವು ಸೂಚನೆಗಳನ್ನು ಮಂಡಿಸುವುದು ಯುಕ್ತ. ಮೊದಲನೆಯದಾಗಿ, ದೂರದರ್ಶನ ಮತ್ತು ಮೊಬೈಲಿಗೆ ಸಂಜೆಗಳನ್ನು ಬಿಟ್ಟುಕೊಟ್ಟಿರುವ ಮನೆಗಳಲ್ಲಿ ಕುಟುಂಬ ಪ್ರಾರ್ಥನೆಯನ್ನು ಮರುಸ್ಥಾಪಿಸಲು ಸರಳವಾದ ಕನ್ನಡದಲ್ಲಿ ದಿನಧ್ಯಾನದ ಕೈಪಿಡಿಗಳು ಸಿದ್ಧವಾಗಬೇಕು. ಎರಡನೆಯದಾಗಿ, ಸಭಾಪಾಲಕರಿಗೂ ಗುರುಗಳಿಗೂ ಕಾರ್ಯಕ್ರಮಗಳ ನಡುವೆ ಏಕಾಂತಕ್ಕೆ ಕಾಲ ದೊರೆಯುವಂತೆ ಸಭಾಮಂಡಳಿಗಳು ವ್ಯವಸ್ಥೆ ಮಾಡಬೇಕು, ಏಕೆಂದರೆ ಸಂಗಡ ಇರಲು ಬಿಡುವಿಲ್ಲದವನು ಕಳುಹಿಸಲ್ಪಟ್ಟವನಾಗಿ ಬಹುಕಾಲ ಉಳಿಯಲಾರ. ಮೂರನೆಯದಾಗಿ, ಭಾನುವಾರ ಶಾಲೆಗಳಲ್ಲಿ ಕಂಠಪಾಠದ ಜೊತೆಗೆ ಪ್ರಾರ್ಥಿಸುವುದನ್ನೂ ಮಕ್ಕಳಿಗೆ ಕಲಿಸಬೇಕು. ನಾಲ್ಕನೆಯದಾಗಿ, ಸಭೆಯ ವಾರ್ಷಿಕ ವರದಿಯಲ್ಲಿ ಜಮಾಖರ್ಚಿನ ಪಕ್ಕದಲ್ಲಿ, ಆ ವರ್ಷ ಎಷ್ಟು ಮುರಿದ ಸಂಬಂಧಗಳು ಕೂಡಿಬಂದವು, ಬಡವರ ಯಾವ ಹೊರೆ ಇಳಿಯಿತು ಎಂಬ ಪ್ರಶ್ನೆಗೂ ಉತ್ತರವಿರಬೇಕು.

ಈ ಸೂಚನೆಗಳನ್ನು ಒಪ್ಪುವುದಾಗಲಿ ತಿದ್ದುವುದಾಗಲಿ ಪ್ರತಿನಿಧಿಗಳ ವಿವೇಕಕ್ಕೆ ಬಿಟ್ಟದ್ದು. ಯಾವ ಠರಾವೂ ಕ್ರಿಸ್ತನೊಂದಿಗಿನ ಸಂಬಂಧವನ್ನು ಉಂಟುಮಾಡಲಾರದು. ಅದು ಆತನೇ ಮೊದಲು ಆರಿಸಿಕೊಂಡು ನೀಡಿದ ಕೃಪೆ. ಆದರೆ ಆ ಕೃಪೆಗೆ ಅಡ್ಡಿಯಾಗಿರುವ ಗಡಿಬಿಡಿ, ಹಗೆತನ ಮತ್ತು ಪದವಿಯ ಹಂಬಲಗಳನ್ನು ತೆಗೆದುಹಾಕುವ ತೀರ್ಮಾನವನ್ನು ಸಮ್ಮೇಳನವು ಮಾಡಬಲ್ಲದು. ಆ ತೀರ್ಮಾನ ಇಂದಿನ ಮೊದಲ ಗೋಷ್ಠಿಯಿಂದಲೇ ಆರಂಭವಾಗಲೆಂಬ ಪ್ರಾರ್ಥನೆಯೊಂದಿಗೆ ಈ ಭಾಷಣವನ್ನು ಮುಗಿಸಲಾಗುತ್ತಿದೆ.