ಕಲೆಗೆ ಬೇಕಾದ ಮನಸ್ಸಿನ ರೂಢಿ

ನಾನು ಹಗಲು ಸಾಫ್ಟ್‌ವೇರ್ ಬರೆಯುತ್ತೇನೆ, ರಾತ್ರಿ ಕಥೆ ಬರೆಯುತ್ತೇನೆ. ನೌಕರಿ ಸೇರಿದರೆ ಕಲೆ ಸತ್ತಂತೆ ಎನ್ನುವವರಿದ್ದಾರೆ. ಮೈಸೂರು ಸರ್ಕಾರದ ಅಧಿಕಾರಿಯಾಗಿದ್ದುಕೊಂಡೇ ಸಣ್ಣಕಥೆಗಳನ್ನು ಬರೆದ ಮಾಸ್ತಿಯವರಿಗೆ 1983ರ ಜ್ಞಾನಪೀಠ ಪ್ರಶಸ್ತಿ ಬಂತು. ಕೆಲಸಕ್ಕಿಂತ ಹೆಚ್ಚಾಗಿ ಕಲೆಯನ್ನು ಕೊಲ್ಲುವುದು ‘ಜನ ಏನೆಂದಾರು’ ಎಂಬ ಅಂಜಿಕೆ.

ಅದಕ್ಕೆ ಮೂರು ರೂಢಿ ಇಟ್ಟುಕೊಂಡಿದ್ದೇನೆ. ದಿನದ ಸಿಟ್ಟು, ಬೇಸರಗಳನ್ನು ಮೊದಲು ದಿನಚರಿಯಲ್ಲಿ ಬರೆದು ಮುಗಿಸುತ್ತೇನೆ. ಆಮೇಲೆ ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು ಅರ್ಧ ಗಂಟೆ ಕಥೆಗೆ ಕೂರುತ್ತೇನೆ. ಬರೆದದ್ದನ್ನು ಒಂದು ವಾರ ಯಾರಿಗೂ ತೋರಿಸುವುದಿಲ್ಲ. ಅಷ್ಟರಲ್ಲಿ ಮನಸ್ಸು ತಣ್ಣಗಾಗಿರುತ್ತದೆ. ಟೀಕೆ ಬಂದರೆ ಸಾಫ್ಟ್‌ವೇರಿನ ದೋಷದಂತೆ ತಿದ್ದಿಕೊಳ್ಳುತ್ತೇನೆ.

ನಿಮ್ಮ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದ ಚಿತ್ರ, ಪದ್ಯಗಳನ್ನು ಹರಿದೆಸೆಯಬೇಡಿ. ಯಾರೂ ಅಂಕ ಕೊಡದ ಆ ಪುಟ ಮುಂದೆ ನಿಮಗೆ ಆಸರೆಯಾದೀತು.