ಮೊಣಕಾಲು ಬದಲಿಸಿದ ಮೇಲೆ ಸವೆಯೋದು ಯಾವುದು?

ಬಿಬವೇವಾಡಿಯಿಂದ ಮಾತಾಡ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ಸಾಫ್ಟ್‌ವೇರ್ ಎಂಜಿನಿಯರ್. ಹೋದ ತಿಂಗಳು ಗದಗಿನಿಂದ ಅವ್ವ ಬಂದಿದ್ದಳು. ನಮ್ಮದು ಮೂರನೇ ಮಹಡಿ, ಲಿಫ್ಟ್ ಇಲ್ಲ. ನಿಂತು ನಿಂತು ಹತ್ತಿದಳು. ಎರಡೂ ಮೊಣಕಾಲು ಬದಲಿಸಬೇಕು ಅಂದರು ಡಾಕ್ಟರು. ಅವ್ವ ಕೇಳಿದ್ದು ಒಂದೇ: "ಹೊಸಾದು ಎಷ್ಟ್ ವರ್ಷ ಬಾಳಿಕಿ ಬರ್ತೈತೋ ತಮ್ಮಾ?"

ಇಂಪ್ಲಾಂಟ್ ಅಂದರೆ ನಮಗೆ ಲೋಹ ನೆನಪಾಗುತ್ತೆ. ಆದರೆ ಮೇಲಿನ ಮತ್ತು ಕೆಳಗಿನ ಲೋಹದ ನಡುವೆ ಒಂದು ಪ್ಲಾಸ್ಟಿಕ್ ತುಂಡು ಇರುತ್ತೆ. ಮುಖ್ಯವಾಗಿ ಸವೆಯೋದು ಅದೇ. ಹಾಲಿನ ಪ್ಯಾಕೆಟ್ಟಿನ ಪಾಲಿಥೀನ್ ಜಾತಿಯದ್ದು, ಆದರೆ ಅಣುಗಳ ಸರಪಳಿ ಬಹಳ ಉದ್ದ. ನಮ್ಮ ಪುಣೆಯ ಎನ್‌ಸಿಎಲ್‌ನಲ್ಲೂ ಈ ಪಾಲಿಮರ್ ಮೇಲೆ ಸಂಶೋಧನೆ ನಡೆದಿದೆ.

ಇದು ಬಂದ ಕಥೆ ಕೇಳ್ರಿ. ಇಂಗ್ಲೆಂಡಿನ ಜಾನ್ ಚಾರ್ನ್ಲಿ 1950ರ ದಶಕದ ಕೊನೆಯಲ್ಲಿ ಸೊಂಟದ ಕೀಲಿಗೆ ಟೆಫ್ಲಾನ್ ಹಾಕಿದರು. ನುಣುಪೇನೋ ಹೌದು, ಆದರೆ ಕೆಲವೇ ವರ್ಷಗಳಲ್ಲಿ ಸವೆದುಹೋಯಿತು. ನೂರಾರು ರೋಗಿಗಳಿಗೆ ತೊಂದರೆ. ಆಮೇಲೆ ಈ ಪಾಲಿಥೀನ್ ಬಂದಾಗ ಅವರಿಗೆ ನಂಬಿಕೆಯೇ ಬರಲಿಲ್ಲ. ಅವರ ತಂತ್ರಜ್ಞ ಹ್ಯಾರಿ ಕ್ರೇವನ್ ಸುಮ್ಮನಿರದೆ ಯಂತ್ರಕ್ಕೆ ಹಾಕಿ ಓಡಿಸಿದರು. ಟೆಫ್ಲಾನ್ ಒಂದು ದಿನದಲ್ಲಿ ಸವೆದಷ್ಟು ಇದು ಮೂರು ವಾರಕ್ಕೂ ಸವೆಯಲಿಲ್ಲ! 1962ರಿಂದ ಇದನ್ನೇ ಬಳಸತೊಡಗಿದರು.

ಸವೆದರೆ ಏನಾಗುತ್ತೆ? ತುಂಡು ತೆಳುವಾಗೋದಷ್ಟೇ ಅಲ್ಲ. ಕಣ್ಣಿಗೆ ಕಾಣದ ಪುಡಿ ಉದುರುತ್ತೆ. ದೇಹದ ಕಾವಲು ಕೋಶಗಳು ಅದನ್ನ ನುಂಗ್ತವೆ, ಅರಗಿಸಿಕೊಳ್ಳೋಕಾಗಲ್ಲ. ಅವು ಹೊರಡಿಸುವ ಸಂಕೇತಗಳಿಂದ ಸುತ್ತಲಿನ ಮೂಳೆ ಕರಗಿ ಇಂಪ್ಲಾಂಟ್ ಸಡಿಲವಾಗುತ್ತೆ. ನಮ್ಮ ಮೆಮೊರಿ ಲೀಕ್ ಇದ್ದ ಹಾಗೆ: ವರ್ಷಗಟ್ಟಲೆ ಸದ್ದಿಲ್ಲ, ಒಂದು ದಿನ ಸಿಸ್ಟಂ ಕೂತುಬಿಡುತ್ತೆ.

ಇನ್ನೊಂದು ತಪ್ಪೂ ಆಗಿತ್ತು. ಕ್ರಿಮಿ ಸಾಯಿಸಲು ಗಾಳಿಯಲ್ಲೇ ಗಾಮಾ ಕಿರಣ ಹಾಯಿಸುತ್ತಿದ್ದರು. ಸರಪಳಿ ಮುರಿದ ಜಾಗಕ್ಕೆ ಆಮ್ಲಜನಕ ಸೇರಿ, ಪೆಟ್ಟಿಗೆಯಲ್ಲಿ ಕೂತಲ್ಲೇ ಪ್ಲಾಸ್ಟಿಕ್ ಪೆಡಸಾಗುತ್ತಿತ್ತು. ಈಗ ಆಮ್ಲಜನಕ ದೂರವಿಟ್ಟು ಪ್ಯಾಕ್ ಮಾಡ್ತಾರೆ. 1990ರ ದಶಕದ ಕೊನೆಗೆ ಸರಪಳಿಗಳನ್ನ ಒಂದಕ್ಕೊಂದು ಬೆಸೆದ ಕ್ರಾಸ್‌ಲಿಂಕ್ ಪಾಲಿಥೀನ್ ಬಂತು. ಆಮೇಲೆ ವಿಟಮಿನ್ ಇ ಬೆರೆಸಿದ್ದೂ ಬಂತು. ಆದರೆ ಬೆಸೆದಷ್ಟೂ ಸವೆತ ಕಡಿಮೆ, ಬಿರುಕು ತಡೆಯುವ ಶಕ್ತಿಯೂ ಕಡಿಮೆ. ಸೊಂಟದಲ್ಲಿ ಲಾಭ ಸ್ಪಷ್ಟ. ಮೊಣಕಾಲಲ್ಲಿ ಅಷ್ಟು ಸ್ಪಷ್ಟವಿಲ್ಲ. ಹಾಗಾಗಿ ದುಬಾರಿಯದ್ದೇ ಒಳ್ಳೇದು ಅಂತ ಸಾಲ ಮಾಡಬೇಡಿ.

ಡಾಕ್ಟರಿಗೆ ಮೂರು ಪ್ರಶ್ನೆ ಕೇಳಿ: ಪ್ಲಾಸ್ಟಿಕ್ ಯಾವುದು? ನಮ್ಮವರ ವಯಸ್ಸು, ತೂಕಕ್ಕೆ ಯಾಕೆ ಅದು? ನೋವಿಲ್ಲದಿದ್ದರೂ ಎಕ್ಸ್‌ರೇಗೆ ಯಾವಾಗ ಬರಬೇಕು? ಇಂಪ್ಲಾಂಟ್ ಪೆಟ್ಟಿಗೆಯ ಸ್ಟಿಕ್ಕರನ್ನ ಫೈಲಿನಲ್ಲಿಡಿ. ಊರಲ್ಲಿರೋ ಅಪ್ಪ-ಅವ್ವನ ಫೈಲಿನ ಒಂದು ಫೋಟೋ ನಿಮ್ಮ ಮೊಬೈಲಲ್ಲೂ ಇರಲಿ.

ಅವ್ವನಿಗೆ ಉತ್ತರ ಸಿಕ್ಕಿತು. 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ಪೂರ್ತಿ ಬದಲಿಸಿದ ಮೊಣಕಾಲುಗಳಲ್ಲಿ ಸುಮಾರು 82 ಪ್ರತಿಶತ 25 ವರ್ಷ ಬಾಳುತ್ತವೆ. ಹೇಳಿದೆ. "ಹಂಗಾದ್ರ ನನಕಿಂತ ಜಾಸ್ತಿ ಬಾಳತೈತಿ ಬಿಡು," ಅಂದಳು. ಆಪರೇಷನ್‌ಗೆ ಒಪ್ಪಿದ್ದಾಳೆ.